ಅರ್ಧಕ್ಕೆ ನಿಂತ ಬೈಗುಳ

ನಮ್ಮತ್ತೆ ನಿನ್ನೆಯಿಂದ ಯಾರನ್ನೂ ಬೈದಿಲ್ಲ ಎಂದು ಮೂಳೆ ವಾರ್ಡಿನ ಹೆಡ್ ಸಿಸ್ಟರ್ ನಗುನಗುತ್ತ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಅವಳಿಗೆ ಅದು ಸಂತೋಷದ ಸುದ್ದಿ. ಆಪರೇಷನ್ ಆದ ಮೇಲೆ ಟೀಚರ್ ಎಷ್ಟು ಮೆತ್ತಗಾಗಿದ್ದಾರೆ, ಏನು ಕೇಳಿದರೂ ಹೂಂ, ಸರಿ, ಆಯ್ತು ಅನ್ನುತ್ತಾರೆ, ನಮ್ಮ ಹುಡುಗಿಯರಂತೂ ಬದುಕಿದೆಯಾ ಬಡಜೀವವೇ ಅನ್ನುತ್ತಿದ್ದಾರೆ ಎಂದಳು. ನಾನು ನಗಲಿಲ್ಲ. ನಮ್ಮತ್ತೆ ಮೆತ್ತಗಾಗುವ ಪೈಕಿಯಲ್ಲ.

ಅವರು ಇದೇ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ಪಾಠ ಮಾಡಿದವರು. ಪುಸ್ತಕದ ಪಾಠವಲ್ಲ, ಹಾಸಿಗೆ ಪಕ್ಕದ ಪಾಠ. ನಾಡಿ ಹಿಡಿಯುವುದು, ಜ್ವರ ನೋಡುವುದು, ಏಳಲಾಗದವರ ಮೈ ಒರೆಸುವುದು, ಮಲಗಿದವರನ್ನು ಮಲಗಿದ ಹಾಗೇ ಬಿಟ್ಟು ಕೆಳಗಿನ ಹಾಸು ಬದಲಾಯಿಸುವುದು. ಎದೆಯ ಮೇಲೆ ಪಿನ್ ಹಾಕಿ ತಲೆಕೆಳಗಾಗಿ ಇಳಿಬಿಟ್ಟ ಪುಟ್ಟ ಗಡಿಯಾರ ಅವರ ಗುರುತು. ಎದುರಿಗೆ ಟೀಚರ್, ಬೆನ್ನ ಹಿಂದೆ ಗಡಿಯಾರದಮ್ಮ. ಇಲ್ಲಿ ಬಿಳಿ ಬಟ್ಟೆ ಹಾಕಿ ಓಡಾಡುವ ಹೆಣ್ಣುಮಕ್ಕಳಲ್ಲಿ ಮುಕ್ಕಾಲು ಪಾಲು ಅವರಿಂದ ಬೈಸಿಕೊಂಡವರೇ. ನಾನೂ ಬೈಸಿಕೊಂಡವಳೇ. ಸಾಲದು ಎಂಬಂತೆ ಅವರ ಮಗನನ್ನೇ ಮದುವೆಯಾಗಿ ಮನೆಯಲ್ಲೂ ಬೈಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡೆ.

ಅವರ ಬೈಗುಳಗಳಲ್ಲಿ ಒಂದು ಎಲ್ಲರಿಗೂ ಬಾಯಿಪಾಠ. ರೋಗಿಯ ಹಾಸಿಗೆಯ ಮೇಲೆ ನರ್ಸ್ ಕೂತರೆ ಬರುವ ಬೈಗುಳ ಅದು. ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದರು.

“ಏನೇ, ಇದು ಬಸ್‌ಸ್ಟ್ಯಾಂಡ್ ಬೆಂಚಲ್ಲ, ಕಾಯಿಲೆ ಮನುಷ್ಯರ ಹಾಸಿಗೆ, ಸೊಂಟ ಸೋತಿದ್ರೆ ಮನೆಗೆ ಹೋಗಿ ಬಿದ್ಕೋ, ಊರೆಲ್ಲ ಸುತ್ತಿದ ಕೊಳೇನ ತಂದು ಇವರ ಹೊದಿಕೆಗೆ ಒರೆಸ್ಬೇಡ, ಏಳು ಮೇಲೆ.”

ಹಾಸ್ಟೆಲ್ಲಿನಲ್ಲಿ ಇದನ್ನು ಯಾರು ಉಸಿರು ಕಡಿಯದೆ ಹೇಳುತ್ತಾರೆ ಎಂದು ನಾವು ಪಂದ್ಯ ಕಟ್ಟುತ್ತಿದ್ದೆವು. ನಾನು ಯಾವಾಗಲೂ ‘ಕೊಳೆ’ಯ ಹತ್ತಿರ ಸೋಲುತ್ತಿದ್ದೆ. ಅತ್ತೆ ಮಾತ್ರ ಬೈದು ಮುಗಿಸಿ, ಅದೇ ಉಸಿರಿನಲ್ಲಿ ಪಕ್ಕದ ಹಾಸಿಗೆಯವರನ್ನು ಊಟ ಆಯ್ತಾ ಎಂದು ವಿಚಾರಿಸುತ್ತಿದ್ದರು.

ಈಗ ಅವರೇ ಆ ಹಾಸಿಗೆಯಲ್ಲಿದ್ದರು. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆ ದಿನ ಮಧ್ಯಾಹ್ನದ ಊಟವಾದ ಮೇಲೆ ಮನೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮನೆಯಲ್ಲಿ ಅವರ ಕೋಣೆಯ ಮಂಚ ಎತ್ತರಿಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ ಎಲ್ಲ ಸಿದ್ಧ ಮಾಡಿದ್ದೆ. ಮುಖ ಗಂಟು ಹಾಕಿಕೊಂಡೇ ಮಾಡಿದ್ದೆ, ಅದೂ ನಿಜ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಯಾವಾಗ ಬರುತ್ತದೋ, ಬಂದರೂ ಅತ್ತೆ ಗಡಿಯಾರ ನೋಡಿ ತಡವಾಯಿತು ಎಂದು ವಾಪಸ್ ಕಳಿಸುತ್ತಾರೋ ಎಂದುಕೊಂಡಿದ್ದೆ.

ನನ್ನ ಡ್ಯೂಟಿ ಕೆಳಗೆ, ಹೊರರೋಗಿಗಳ ಇಂಜೆಕ್ಷನ್ ಕೋಣೆಯಲ್ಲಿ. ಶುರುವಾಗುವ ಮೊದಲು ಮೇಲೆ ಬಂದು ಅತ್ತೆಯನ್ನು ನೋಡಿದೆ. ಬಾಗಿಲಿಗೆ ಎದುರಾದ ಹಾಸಿಗೆ. ಅದನ್ನೇ ಬೇಕೆಂದು ಕೇಳಿ ಹಾಕಿಸಿಕೊಂಡಿದ್ದರು. ಬೆನ್ನಿಗೆ ದಿಂಬಿನ ಮೇಲೆ ದಿಂಬು, ಹೊದಿಕೆ ಗದ್ದದವರೆಗೆ. ರಾತ್ರಿ ನಿದ್ದೆ ಬಂತಾ ಎಂದೆ. “ಹೂಂ.” ನೋವಿದೆಯಾ ಎಂದೆ. “ಇಲ್ಲ.” ಯಾಕೆ ಇಷ್ಟೊಂದು ದಿಂಬು ಎಂದೆ. “ಅಭ್ಯಾಸ.” ನನ್ನ ತಲೆಗೂದಲು ಕ್ಲಿಪ್ಪಿನಿಂದ ಬಿಚ್ಚಿ ಕಿವಿಯ ಮೇಲೆ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಕೂದಲು ಕಟ್ಟಲು ಬಾರದವಳು ಗಾಯ ಹೇಗೆ ಕಟ್ಟುತ್ತೀಯೇ ಎನ್ನುತ್ತಿದ್ದರು. ಆವತ್ತು ನೋಡಿದರು, ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ನಾನು ಮೆಟ್ಟಿಲಿಳಿದು ಹೋದೆ, ಆದರೆ ಆ ಮುಚ್ಚಿದ ಬಾಯಿ ನನ್ನ ಜೊತೆಯೇ ಬಂತು.

ಕೆಳಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಡತೋಳು ಮುಂದೆ ಮಾಡಿದವರಿಗೆ ಬಲತೋಳು ಕೊಡಿ ಎಂದೆ. ಹತ್ತಿ ಕೈಯಲ್ಲೇ ಇಟ್ಟುಕೊಂಡು ಹತ್ತಿ ಎಲ್ಲಿ ಎಂದು ಹುಡುಕಿದೆ. ಕೊನೆಗೆ ಜೊತೆಯವಳೇ, ಹೋಗಿ ನೋಡಿಕೊಂಡು ಬಾ ಮಾರಾಯ್ತಿ, ಇಲ್ಲದಿದ್ದರೆ ನೀನು ನನಗೇ ಚುಚ್ಚುತ್ತೀಯ ಎಂದು ಅಟ್ಟಿದಳು.

ಮತ್ತೆ ಮೇಲೆ ಓಡಿದೆ. ಹೆಡ್ ಸಿಸ್ಟರ್ ಬೇಸರಿಸಿಕೊಳ್ಳದೆ ಚಾರ್ಟು ತೋರಿಸಿದಳು. ಜ್ವರವಿಲ್ಲ. ನಾಡಿ ಸರಿಯಾಗಿದೆ. ಉಸಿರು ಸರಿಯಾಗಿದೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದ ಆಕ್ಸಿಜನ್ ಒಂದಿಷ್ಟು ಕೆಳಗಿದೆ, ಆ ವಯಸ್ಸಿಗೆ ಅದೇನೂ ದೊಡ್ಡದಲ್ಲ. ವಾರ್ಡಿನ ಡಾಕ್ಟರನ್ನೂ ಹಿಡಿದೆ. ಚಿಕ್ಕ ವಯಸ್ಸಿನವರು, ಆದರೂ ತಾಳ್ಮೆಯಿಂದ ಕೇಳಿಸಿಕೊಂಡರು. ಬೆಳಗ್ಗೆ ತಾವೇ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ದಾಗಿ, ಮೀನಖಂಡ ಒತ್ತಿ ನೋಡಿದ್ದಾಗಿ, ನೋವಿಲ್ಲ ಎಂದು ಅವರೇ ಹೇಳಿದ್ದಾಗಿ ವಿವರಿಸಿದರು. ನಿಮಗೆ ಏನು ಕಾಣಿಸುತ್ತಿದೆ ಹೇಳಿ ಸಿಸ್ಟರ್, ನೋಡೋಣ ಎಂದರು. ನಾನು ಏನು ಹೇಳಲಿ? ನಮ್ಮತ್ತೆ ನನ್ನ ಕೂದಲು ನೋಡಿ ಬೈಯಲಿಲ್ಲ, ಅದಕ್ಕೆ ಸ್ಕ್ಯಾನ್ ಮಾಡಿಸಿ ಎನ್ನಲೇ?

ಮನೆಯವರು ಅಷ್ಟರಲ್ಲಿ ಬಂದಿದ್ದರು. ಅವರದು ಕನ್ನಡಕದ ಅಂಗಡಿ. ಅಮ್ಮನನ್ನು ಕರೆದೊಯ್ಯಲೆಂದು ಅಂಗಡಿ ಬಾಗಿಲು ಹಾಕಿ, ಕಾರಿನ ಹಿಂದಿನ ಸೀಟಿಗೆ ದಿಂಬು ಜೋಡಿಸಿ ತಂದಿದ್ದರು. ವರಾಂಡದಲ್ಲಿ ಅವರನ್ನು ನಿಲ್ಲಿಸಿ, ಇವತ್ತು ಬೇಡ ರೀ, ಇನ್ನೊಂದು ದಿನ ಇಲ್ಲೇ ಇರಲಿ ಎಂದೆ. ಯಾಕೆ ಎಂದರು. ಗೊತ್ತಿಲ್ಲ, ಮನಸ್ಸಿಗೆ ಸರಿಬರುತ್ತಿಲ್ಲ ಎಂದೆ. ಡಾಕ್ಟರು ಏನೆಂದರು ಎಂದು ಕೇಳಿದರು. ಎಲ್ಲ ಸರಿಯಿದೆ ಎಂದರು ಎಂದೆ. ಅವರು ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

“ಅಮ್ಮ ಮನೆಗೆ ಬರೋದು ನಿನಗೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಬಿಡು. ಕಾಯಿಲೆ ನೆಪ ಯಾಕೆ?”

ಮೈ ಉರಿದುಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಮಂಚ ಎತ್ತರಿಸುವಾಗ ಗೊಣಗಿದ್ದೆಲ್ಲ ನೆನಪಾಯಿತು. ಊರವರ ಕಣ್ಣಿಗೆಲ್ಲ ಕನ್ನಡಕ ಹಾಕುತ್ತೀರಿ, ನಿಮ್ಮಮ್ಮನ ಮುಖ ನಿಮಗೆ ಕಾಣುವುದಿಲ್ಲವಾ ಎಂದು ಕೇಳಿಬಿಟ್ಟೆ. ಅವರು ಬಿಲ್ ಕಟ್ಟಲು ಹೊರಟುಹೋದರು.

ಈಗ ನನಗೆ ಎರಡೇ ದಾರಿ. ಬಾಯಿ ಮುಚ್ಚಿಕೊಂಡು ಅತ್ತೆಯನ್ನು ಕಾರಿಗೆ ಹತ್ತಿಸುವುದು, ಇಲ್ಲವೇ ಅತ್ತೆಯನ್ನು ಮನೆಗೆ ಸೇರಿಸದ ಸೊಸೆ ಎನ್ನಿಸಿಕೊಳ್ಳುವುದು. ನನ್ನ ಊಹೆ ಸುಳ್ಳಾಗಿ ಎರಡನೆಯದು ನಡೆದರೆ ಮಾನ ಹೋಗುತ್ತದೆ. ಊಹೆ ನಿಜವಾಗಿ ಮೊದಲನೆಯದು ನಡೆದರೆ ಅತ್ತೆ ಹೋಗುತ್ತಾರೆ. ಮೂಳೆ ಮುರಿದು ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೇಲೇರಿ ಶ್ವಾಸಕೋಶಕ್ಕೆ ಸಿಕ್ಕಿಕೊಳ್ಳುವುದುಂಟು. ಹಾಗಾಗದಿರಲೆಂದು ಇಂಜೆಕ್ಷನ್ ಕೊಡುತ್ತಾರೆ. ಕೊಟ್ಟರೂ ಕೆಲವರಿಗೆ ಆಗುತ್ತದೆ. ಇದನ್ನೂ ನನಗೆ ಕಲಿಸಿದವರು ಅತ್ತೆಯೇ.

ವಾರ್ಡಿನ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೆ. ಮೈಯೆಲ್ಲ ಕಣ್ಣಾಗಿ ನಿಂತರೂ ಅಲ್ಲಿಂದ ಅತ್ತೆಯ ಒಂದು ಕೈ ಮಾತ್ರ ಕಾಣುತ್ತಿತ್ತು. ಆ ಕೈಯೊಳಗೆ ಗಡಿಯಾರ ಇತ್ತು. ಹೊರಡುವ ಮುನ್ನ ಕೊನೆಯ ಸಲ ನಾಡಿ ನೋಡಲು ಒಬ್ಬ ಹುಡುಗಿ ಟ್ರೇ ಹಿಡಿದು ನನ್ನನ್ನು ದಾಟಿ ಒಳಗೆ ಹೋದಳು. ಹೋದವಳು ಅತ್ತೆ ಕಲಿಸಿದ ಕ್ರಮದಲ್ಲೇ ಬಾಗಿಲಲ್ಲಿ ನಿಂತು ನಮಸ್ಕಾರ ಟೀಚರ್ ಎಂದಳು, ಕೈ ತೊಳೆದಳು, ಟವೆಲ್ಲಿಗೆ ಒರೆಸಿಕೊಂಡಳು. ಅವಳು ಕೈ ಒರೆಸಿಕೊಳ್ಳುತ್ತಿದ್ದ ಹೊತ್ತಿಗೆ ಆ ಗಡಿಯಾರ ಮೆಲ್ಲಗೆ ಮೇಲ್ಮುಖವಾಗಿ ತಿರುಗಿತು.

ನನಗೆ ಆಗ ಹೊಳೆಯಿತು. ಉಸಿರು ಎಣಿಸುವಾಗ ಎಣಿಸುತ್ತಿದ್ದೇವೆ ಎಂದು ರೋಗಿಗೆ ತಿಳಿಯಬಾರದು. ತಿಳಿದರೆ ಯಾರ ಉಸಿರೂ ತನ್ನಷ್ಟಕ್ಕೆ ಆಡುವುದಿಲ್ಲ. ಅದಕ್ಕೇ ನಾಡಿ ಹಿಡಿದ ಕೈ ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವವರ ಹಾಗೆ ನಟಿಸುತ್ತ, ಎದೆಯ ಏರಿಳಿತ ಎಣಿಸಬೇಕು. ಈ ಕಳ್ಳಾಟವನ್ನು ನಮಗೆಲ್ಲ ಹೇಳಿಕೊಟ್ಟವರ ಮುಂದೆಯೇ ಅವರ ಶಿಷ್ಯೆಯರು ದಿನವೂ ಅದನ್ನೇ ಆಡುತ್ತಿದ್ದರು. ಯಾವ ಗಳಿಗೆಯಲ್ಲಿ ನಾಡಿ ಮುಗಿದು ಉಸಿರು ಶುರುವಾಗುತ್ತದೆ ಎಂದು ಅತ್ತೆಗೆ ಗೊತ್ತಿಲ್ಲವೇ? ಗಡಿಯಾರ ನೋಡುತ್ತ, ಬೇಕಾದಷ್ಟೇ ಸಲ ನಿಧಾನವಾಗಿ ಎಳೆದು ಬಿಡುತ್ತಿದ್ದರು. ಬೆರಳಿಗೆ ಕ್ಲಿಪ್ ಬರುವ ಮೊದಲು ಆಳವಾಗಿ ಎಳೆದುಕೊಂಡರೆ ಅದೂ ಸ್ವಲ್ಪ ಮೇಲೇರುತ್ತದೆ. ರಕ್ತದೊತ್ತಡಕ್ಕೆಂದು ಅವರು ಬಹಳ ಕಾಲದಿಂದ ನುಂಗುವ ಮಾತ್ರೆ ನಾಡಿಯನ್ನು ಓಡಲು ಬಿಡುವುದಿಲ್ಲ. ಚಾರ್ಟಿನಲ್ಲಿದ್ದದ್ದು ಅವರ ದೇಹದ ಲೆಕ್ಕವಲ್ಲ, ಅವರ ಹಟದ ಲೆಕ್ಕ.

ಹುಡುಗಿ ಹೊರಬಂದು, ಎಲ್ಲ ನಾರ್ಮಲ್ ಅಕ್ಕ ಎಂದು ಮುಗುಳ್ನಕ್ಕಳು. ಪಾಪ, ಅವಳದೇನು ತಪ್ಪು. ಕಲಿಸಿದ್ದನ್ನು ಕಲಿಸಿದ ಹಾಗೇ ಮಾಡಿದ್ದಳು.

ನಾನು ಒಳಗೆ ಹೋಗಿ ನೇರವಾಗಿಯೇ ಕೇಳಿದೆ. ಅತ್ತೆ, ಉಸಿರು ಸಿಗ್ತಿಲ್ವಾ ಎಂದೆ. “ಸಿಗ್ತಿದೆ.” ಎದೆ ಹಿಡಿದುಕೊಳ್ಳುತ್ತಿದೆಯಾ ಎಂದೆ. “ಇಲ್ಲ.” ಹಾಗಾದರೆ ಹೊದಿಕೆ ತೆಗೆಯಿರಿ, ನಾನು ಎಣಿಸುತ್ತೇನೆ ಎಂದೆ. ಅವರು ಹೊದಿಕೆಯ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ದುರುಗುಟ್ಟಿ ನೋಡಿದರು. “ಹೋಗು. ಬಟ್ಟೆ ಕಟ್ಟು.” ಎರಡು ಮಾತು, ನಡುವೆ ಒಂದು ನಿಲುಗಡೆ.

ನನ್ನ ತಾಳ್ಮೆ ಹರಿದೇಹೋಯಿತು. ಈ ಹೆಂಗಸು ಸತ್ತರೂ ಸರಿ, ಸೋಲಬಾರದು ಎನ್ನುವವರು. ವರಾಂಡಕ್ಕೆ ಬಂದು, ಡಾಕ್ಟರ ತೋಳು ಹಿಡಿದೇ ಎಳೆದುಕೊಂಡು ಬಂದೆ. ಬಾಗಿಲ ಪಕ್ಕದಲ್ಲಿ, ಅವರು ಒಳಗಿನಿಂದ ಕಾಣದ ಜಾಗದಲ್ಲಿ ನಿಲ್ಲಿಸಿದೆ.

“ಒಂದು ನಿಮಿಷ ನಿಂತು ಕೇಳಿ ಡಾಕ್ಟ್ರೇ. ನೋಡ್ಬೇಡಿ, ಬರೀ ಕೇಳಿ. ನಾನು ಈಗ ಬೈಸಿಕೊಳ್ಳೋಕೆ ಹೋಗ್ತಿದ್ದೀನಿ.”

ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೆ ನಿಂತರು. ಹೆಡ್ ಸಿಸ್ಟರ್ ಕೂಡ ಇದೇನು ಎಂದು ಹತ್ತಿರ ಬಂದಳು.

ನಾನು ಒಳಗೆ ಹೋಗಿ, ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿ, ಅತ್ತೆಯ ಹಾಸಿಗೆಯ ಮೇಲೆ ಧಡಕ್ಕನೆ ಕೂತೆ. ಬರೀ ಕೂರಲಿಲ್ಲ. ಊರೆಲ್ಲ ತುಳಿದ ಬೂಟುಗಾಲನ್ನೇ ಎತ್ತಿ, ಬಿಳಿ ಹಾಸಿನ ಮೇಲೆ ಮಡಿಸಿಟ್ಟುಕೊಂಡೆ. ಪಕ್ಕದ ಹಾಸಿಗೆಯ ಅಜ್ಜಿ ಬಾಯಿ ಬಿಟ್ಟು ನೋಡಿದರು. ಅತ್ತೆ ಮೊದಲು ಬೂಟು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಕಣ್ಣಲ್ಲಿ ಹಳೆಯ ಕಿಡಿ ಹೊತ್ತಿಕೊಂಡಿತು. ಬೈಯಬಾರದೆಂದು ಅವರು ಮಾಡಿದ್ದ ಪ್ರಯತ್ನವೆಲ್ಲ ನನ್ನ ಕಣ್ಣೆದುರೇ ಮಣ್ಣುಪಾಲಾಯಿತು. ಜೀವಮಾನದ ಅಭ್ಯಾಸ, ಎಲ್ಲಿಗೆ ಹೋಗುತ್ತದೆ?

“ಏನೇ, ಇದು ಬಸ್‌ಸ್ಟ್ಯಾಂಡ್…”

ನಿಂತಿತು. ಬಾಯಿ ತೆರೆದೇ ಇತ್ತು. ಹೊದಿಕೆ ಕೈತಪ್ಪಿ ಜಾರಿತು. ಕತ್ತಿನ ಬುಡದಲ್ಲಿ, ಎದೆಮೂಳೆಗಳ ಸಂದಿನಲ್ಲಿ ಚರ್ಮ ಒಳಕ್ಕೆ ಸೆಳೆದು ಸೆಳೆದು ಬಿಡುತ್ತಿತ್ತು.

“ಬೆಂಚಲ್ಲ…” ಮತ್ತೆ ಉಸಿರು. “ಕಾಯಿಲೆ…”

ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ನನಗೆ ಬಾಯಿಗೆ ಬರುತ್ತಿತ್ತು, ಅವರಿಗೆ ಬರಲಿಲ್ಲ. ಅವರ ತುಟಿ ನೀಲಿಯ ಕಡೆಗೆ ತಿರುಗಿತ್ತು. ಗುರುವಿಗೇ ತಿರುಮಂತ್ರ ಹಾಕಿ ಗೆದ್ದಿದ್ದೆ.

ಡಾಕ್ಟರ್ ನಾನು ಏಳುವ ಮೊದಲೇ ಒಳಗೆ ಬಂದಿದ್ದರು. ಯಾರನ್ನೂ ಏನೂ ಕೇಳಲಿಲ್ಲ. ಆಕ್ಸಿಜನ್ ತನ್ನಿ ಎಂದರು, ಸ್ಕ್ಯಾನ್ ಕೋಣೆಗೆ ಫೋನ್ ಮಾಡಿಸಿದರು, ಡಿಸ್ಚಾರ್ಜ್ ನಿಲ್ಲಿಸಿದರು. ಹೆಡ್ ಸಿಸ್ಟರ್ ಅಳುತ್ತಲೇ ಮಾಸ್ಕ್ ಹಾಕಿದಳು. ಅಳುವ ಮುಖ, ಗಟ್ಟಿ ಕೈ. ಅದೂ ಅತ್ತೆ ಕಲಿಸಿದ್ದೇ. ಮನೆಯವರು ಬಿಲ್ಲಿನ ಚೀಟಿ ಹಿಡಿದು ಬಂದವರು, ಅಮ್ಮನ ಮಂಚ ಎದುರಿನಿಂದ ಓಡಿ ಬರುವುದನ್ನು ನೋಡಿ ಗೋಡೆಗೆ ಅಂಟಿಕೊಂಡರು. ನಾನು ಮಂಚದ ಜೊತೆ ಓಡುತ್ತಿದ್ದೆ. ಅವರಿಗೆ ಏನಾದರೂ ಹೇಳಬೇಕಿತ್ತು, ಹೇಳಲು ನನಗೂ ಉಸಿರಿರಲಿಲ್ಲ.

ಸ್ಕ್ಯಾನ್‌ನಲ್ಲಿ ಹೆಪ್ಪು ಸ್ಪಷ್ಟವಾಗಿ ಕಂಡಿತು. ಕಾರಿನಲ್ಲಿ ಕೂರಿಸಿ ಮನೆಗೆ ಒಯ್ದಿದ್ದರೆ ಮೆಟ್ಟಿಲು ಹತ್ತುವ ಹೊತ್ತಿಗೆ ಏನು ಬೇಕಾದರೂ ಆಗಬಹುದಿತ್ತು ಎಂದು ಡಾಕ್ಟರ್ ಹೇಳಿದರು. ಔಷಧಿ ಶುರು ಮಾಡಿ ಐಸಿಯುಗೆ ಸೇರಿಸಿದರು. ಆ ದಿನ ಹೇಗೋ ಕಳೆಯಿತು. ಮನೆಯವರು ಹೊರಗಿನ ಕುರ್ಚಿಯಲ್ಲಿ ನನ್ನ ಪಕ್ಕ ಕೂತು, ತಾವು ಹಾಗನ್ನಬಾರದಿತ್ತು ಎಂದರು. ಅಂದದ್ದೇನು ಪೂರ್ತಿ ಸುಳ್ಳಲ್ಲ, ಬಿಡಿ ಎಂದೆ. ಆಮೇಲೆ ಇಬ್ಬರೂ ಒಂದೇ ಲೋಟದ ಕಾಫಿ ಹಂಚಿಕೊಂಡು ಕುಡಿದೆವು.

ಮಾರನೆಯ ಬೆಳಗ್ಗೆ ಒಳಗೆ ಬಿಟ್ಟರು. ಅಪಾಯ ಕಡಿಮೆಯಾಗಿದೆ, ಇನ್ನೂ ಪೂರ್ತಿ ದಾಟಿಲ್ಲ ಎಂದಿದ್ದರು. ಅತ್ತೆಗೆ ಮೂಗಿಗೆ ಕೊಳವೆ, ಎದೆಗೆ ತಂತಿ. ನಾನು ಒಳಗೆ ಕಾಲಿಡುವಾಗಲೇ ಒಬ್ಬ ಹುಡುಗಿ ಬಿಸಿನೀರಿನ ಬೋಗುಣಿ, ಟವೆಲ್ಲು ತಂದಿಟ್ಟು, ಟೀಚರ್, ಮೈ ಒರೆಸಿಬಿಡಲಾ ಎಂದು ಕೇಳುತ್ತಿದ್ದಳು. ಅತ್ತೆಯ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ಆ ಮುಖದಲ್ಲಿ ನಾಚಿಕೆಯನ್ನು ನಾನು ಕಂಡಿರಲೇ ಇಲ್ಲ. ಹುಡುಗಿಯ ಕೈಯಿಂದ ಟವೆಲ್ ತೆಗೆದುಕೊಂಡು, ನೀನು ಹೋಗಮ್ಮ, ನಾನು ಮಾಡುತ್ತೇನೆ ಎಂದೆ. ಪರದೆ ಎಳೆದೆ. ಎಳೆದದ್ದೇ ತಡ, ನಿನ್ನೆಯಿಂದ ಕಟ್ಟಿಟ್ಟಿದ್ದ ಸಿಟ್ಟೆಲ್ಲ ಬಂತು. ಯಾಕೆ ಮುಚ್ಚಿಟ್ಟಿರಿ, ಸಾಯಲು ಹೊರಟಿದ್ದಿರಾ, ಊರಿಗೆಲ್ಲ ಪಾಠ ಹೇಳಿ ನಿಮಗೆ ಬುದ್ಧಿ ಬೇಡವಾ ಎಂದು ಪಿಸುದನಿಯಲ್ಲೇ ಕೂಗಾಡಿದೆ.

ಅತ್ತೆ ಮೇಲಿನ ಸೂರು ನೋಡುತ್ತಿದ್ದರು. ಮಾತು ತುಂಡುತುಂಡಾಗಿ ಬಂತು, ನಡುನಡುವೆ ಉಸಿರು.

“ಇವರಿಗೆಲ್ಲ… ಮೈ ಒರೆಸೋದು… ನಾನೇ ಕಲಿಸ್ದೆ. ನನ್ನ ಮೈ… ಒರೆಸ್ಲಿ ಅಂತ… ಕಲಿಸ್ಲಿಲ್ಲ.”

ನಾನು ಟವೆಲ್ಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದೆ.

“ಮನೇಲಾದ್ರೆ… ನೀನೊಬ್ಳೇ… ಅಲ್ವೇನೇ.”

ಬೋಗುಣಿಯ ನೀರು ನನಗೆ ಸರಿಯಾಗಿ ಕಾಣಿಸಲಿಲ್ಲ. ಮುಖ ಒರೆಸಿದೆ, ಕತ್ತು, ತೋಳು, ಒಂದಾದ ಮೇಲೆ ಒಂದು. ಒರೆಸಿದಷ್ಟು ಭಾಗ ಮುಚ್ಚಿ, ಇನ್ನೊಂದಿಷ್ಟು ತೆರೆದೆ. ಪರೀಕ್ಷೆಯ ದಿನವೂ ಅಷ್ಟು ಸರಿಯಾಗಿ ಮಾಡಿರಲಿಲ್ಲ. ಅವರು, ನೀರು ತಣ್ಣಗಾಯ್ತು ಎಂದರು, ಬದಲಾಯಿಸಿದೆ. ಕಂಕುಳು ಬಿಟ್ಟೆ ಎಂದರು, ಒರೆಸಿದೆ. ಎಲ್ಲ ಮುಗಿದ ಮೇಲೆ ಹೊದಿಕೆಯನ್ನು ಗದ್ದದವರೆಗೆ ಎಳೆಯದೆ ಸೊಂಟಕ್ಕೇ ಬಿಟ್ಟು, ಸ್ಟೂಲ್ ಹತ್ತಿರಕ್ಕೆ ಎಳೆದು ಕೂತೆ. ಅವರ ಕೈ ಹಿಡಿಯಲಿಲ್ಲ. ನಾಡಿ ನೋಡುವ ನಾಟಕ ಮಾಡಲಿಲ್ಲ.

“ಉಸಿರು ಎಣಿಸ್ತಿದ್ದೀನಿ ಅತ್ತೆ. ಹೇಗೆ ಬರುತ್ತೋ ಹಾಗೇ ಬಿಡಿ.”

ಅವರು ನನ್ನನ್ನು ನೋಡಿದರು. ಆಮೇಲೆ ತಲೆದಿಂಬಿನ ಪಕ್ಕದಲ್ಲಿದ್ದ ಗಡಿಯಾರವನ್ನು ಬೆರಳಿನಿಂದ ನನ್ನ ಕಡೆಗೆ ತಿರುಗಿಸಿಟ್ಟು ಕಣ್ಣು ಮುಚ್ಚಿದರು. ಉಸಿರು ಹೇಗೆ ಬಂತೋ ಹಾಗೆ ಬಂತು, ಗಿಡ್ಡವಾಗಿ, ಅವಸರವಾಗಿ. ನಾನು ಎಣಿಸುತ್ತ ಕೂತೆ. ಸ್ವಲ್ಪ ಹೊತ್ತಿನಲ್ಲೇ ಅವರ ತುಟಿ ಅಲುಗಿತು.

“ಕಾಯಿಲೆ ಮನುಷ್ಯರ… ಹಾಸಿಗೆ,” ಎಂದರು. ಉಸಿರೆಳೆದರು. “ಸೊಂಟ ಸೋತಿದ್ರೆ…”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಿನ್ನೆ ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತಿದ್ದರು. ನಾನು ಎಣಿಕೆ ತಪ್ಪಿಸಿಕೊಂಡು ಬರೀ ಕೇಳುತ್ತ ಕೂತೆ.

“ಮನೆಗೆ ಹೋಗಿ… ಬಿದ್ಕೋ. ಊರೆಲ್ಲ… ಸುತ್ತಿದ ಕೊಳೇನ… ತಂದು… ಇವರ ಹೊದಿಕೆಗೆ… ಒರೆಸ್ಬೇಡ.”

ಬಹಳ ಹೊತ್ತು ಸುಮ್ಮನಾದರು. ಮುಗಿಯಿತೇನೋ, ನಿದ್ದೆ ಹತ್ತಿತೇನೋ ಎಂದುಕೊಂಡೆ. ಇನ್ನೆರಡು ಮಾತು ಬಾಕಿ ಇತ್ತು. ಅವರು ಕಣ್ಣು ತೆರೆದು, ಗದ್ದ ಎತ್ತಿ, ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡು ಅದನ್ನೂ ಹೇಳಿದರು.

“ಏಳು ಮೇಲೆ.”

ನಾನು ಕೂತಿದ್ದದ್ದು ಸ್ಟೂಲಿನ ಮೇಲೆ. ಆದರೂ ಎದ್ದು ನಿಂತು, “ಆಯ್ತು ಟೀಚರ್,” ಎಂದೆ.